ಬೆಂಚಿನೊಳಗಿನ ಬಿದಿರು

ವರ್ಕ್‌ಶಾಪ್ ಹಿಂದೆ ಮಳೆಮರದ ಕೆಳಗೆ ಒಂದು ಸಿಮೆಂಟ್ ಬೆಂಚು ಇದೆ. ಬಣ್ಣ ಇಲ್ಲ, ಮೇಲೆ ಏನೂ ಬರೆದಿಲ್ಲ, ನೋಡೋಕೆ ಅಂಥಾ ಚೆಂದವೂ ಇಲ್ಲ. ಈ ವರ್ಷ ಸೇರಿದವರಿಗೆ ಅದು ಮೊದಲಿನಿಂದಲೂ ಅಲ್ಲೇ ಇದ್ದಂತೆ ಕಾಣಬಹುದು. ಎರಡನೇ ವರ್ಷದವರಿಗೂ ಸೀನಿಯರ್ಸ್‌ಗೂ ಗೊತ್ತು, ಅದೇ ಜಾಗದಲ್ಲಿ ಇದಕ್ಕಿಂತ ಮುಂಚೆ ಇನ್ನೊಂದು ಬೆಂಚು ಇತ್ತು. ಹಸಿರು ಬಣ್ಣದ್ದು, ಮೇಲೆ ದೊಡ್ಡದಾಗಿ ಹಳದಿಯಲ್ಲಿ ‘ಅ’ ಅಂತ ಬರೆದಿದ್ದು. ಟೆಕ್ ಫೆಸ್ಟ್‌ನಲ್ಲಿ ಬಹುಮಾನ ಬಂದಿದ್ದು. ಎರಡೂ ಬೆಂಚು ನಮ್ಮವೇ. ಹಸಿರು ಬೆಂಚು ಏನಾಯ್ತು ಅಂತ ಕೇಳಿದವರಿಗೆಲ್ಲ ನಾವು ಇಷ್ಟು ದಿನ ಅರ್ಧ ಮಾತ್ರ ಹೇಳಿದ್ವಿ. ಉಳಿದರ್ಧ ಇಲ್ಲಿದೆ.

ನಾವು ಅಂದ್ರೆ ಹಾಸ್ಟೆಲ್‌ನ ಒಂದೇ ರೂಮಿನ ನಾಲ್ವರು. ಇಬ್ಬರು ಸಿವಿಲ್, ಒಬ್ಬ ಮೆಕ್ಯಾನಿಕಲ್, ಒಬ್ಬ ಕಂಪ್ಯೂಟರ್ ಸೈನ್ಸ್. ಊರುಗಳು ಬೆಂಗಳೂರು, ಬಳ್ಳಾರಿ, ಶಿವಮೊಗ್ಗ, ಉಡುಪಿ. ನಾಲ್ವರದ್ದೂ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಹತ್ತನೇ ಕ್ಲಾಸಿನ ಪರೀಕ್ಷೆ ಆದ್ಮೇಲೆ ಇದೇ ಮೊದಲು. ಒತ್ತಕ್ಷರ ತಪ್ಪಿದ್ರೆ ಸಂಪಾದಕರು ತಿದ್ದಿರ್ತಾರೆ ಅನ್ನೋ ಧೈರ್ಯದ ಮೇಲೆ ಶುರು ಮಾಡಿದ್ದೀವಿ.

ಮೊದಲ ವರ್ಷದ ಫೆಬ್ರವರಿಯಲ್ಲಿ ಫೆಸ್ಟ್‌ಗೆ ಏನಾದ್ರೂ ಮಾಡೋಣ ಅಂತ ಹೊರಟಾಗ ನಮಗೆ ಸಿಕ್ಕಿದ್ದು ಎರಡು ಬಿಟ್ಟಿ ಸಾಮಾನು. ಒಂದು, ಕಾರ್ಪೆಂಟ್ರಿ ಸೆಕ್ಷನ್‌ನಲ್ಲಿ ಮೂಟೆಗಟ್ಟಲೆ ಬಿದ್ದಿದ್ದ ಮರದ ಹೊಟ್ಟು. ಇನ್ನೊಂದು, ಹಾಸ್ಟೆಲ್ ಕಾಂಪೌಂಡ್ ಆಚೆ ಯಾರೋ ಕಡಿದು ಹಾಕಿದ್ದ ಬಿದಿರು. ಜಲ್ಲಿ ಮರಳಿನ ಬದಲು ಹೊಟ್ಟು, ಕಬ್ಬಿಣದ ಬದಲು ಬಿದಿರು, ನಡುವೆ ಸಿಮೆಂಟ್. ಹಗುರ, ಅಗ್ಗ, ಪರಿಸರಸ್ನೇಹಿ. ಪೋಸ್ಟರ್‌ಗೆ ಬೇಕಾದ ಪದಗಳೆಲ್ಲ ಒಂದೇ ಸಂಜೆಯಲ್ಲಿ ಸಿಕ್ಕಿಬಿಟ್ಟವು. ಒಳ್ಳೆ ಬಿದಿರಿನ ಎಳೆತದ ಬಲ 100 ಮೆಗಾಪಾಸ್ಕಲ್ ಮೀರುತ್ತೆ ಅಂತ ದಪ್ಪಕ್ಷರದಲ್ಲಿ ಹಾಕಿದ್ವಿ. ಅದು ಸುಳ್ಳೇನಲ್ಲ. ಒಣಗಿದ ಬಿದಿರಿನ ಲೆಕ್ಕ ಅದು.

ಹಲಗೆಯ ಉದ್ದ 1.2 ಮೀಟರ್, ಅಗಲ 40 ಸೆಂ.ಮೀ., ದಪ್ಪ 6 ಸೆಂ.ಮೀ. ಒಳಗೆ ಉದ್ದಕ್ಕೆ ನಾಲ್ಕು ಬಿದಿರಿನ ಸೀಳು, ಅಡ್ಡಕ್ಕೆ ಗೇಣುದ್ದಕ್ಕೊಂದರಂತೆ ಸಣ್ಣ ಸೀಳುಗಳು, ತಂತಿಯಲ್ಲಿ ಕಟ್ಟಿದ್ದು. ಅಚ್ಚಿನಿಂದ ತೆಗೆದು ಒಣಗಿಸಿದಾಗ ತೂಕ 40 ಕೆ.ಜಿ.ಯೂ ಇರಲಿಲ್ಲ. ಇಬ್ಬರೇ ಎತ್ತಿಕೊಂಡು ಸ್ಟೇಜ್ ಹತ್ತಿದ್ವಿ. ಜಡ್ಜ್‌ಗಳು ಮೂವರೂ ಒಟ್ಟಿಗೆ ಕೂತು ನೋಡಿದ್ರು. ಕುಸೀಲಿಲ್ಲ. ಎರಡನೇ ಬಹುಮಾನ, ಮೂರು ಸಾವಿರ ರೂಪಾಯಿ. ಆ ರಾತ್ರಿಯೇ ಬಿರಿಯಾನಿ. ಆಮೇಲೆ ಬೆಂಚನ್ನ ಮಳೆಮರದ ಕೆಳಗೆ ಎರಡು ಮುರಕಲ್ಲಿನ ಕಂಬದ ಮೇಲೆ ಕೂರಿಸಿ, ಹಸಿರು ಬಣ್ಣ ಹೊಡೆದು, ‘ಅ’ ಬರೆದು, ಕನ್ನಡ ಸಂಘದ ಪೇಜ್‌ನಲ್ಲಿ ಫೋಟೋನೂ ಹಾಕಿದ್ವಿ.

ಮಾರ್ಚ್, ಏಪ್ರಿಲ್, ಮೇ. ಬೆಂಚು ಚೆನ್ನಾಗಿತ್ತು. ಚೆನ್ನಾಗಿರಲೇಬೇಕಿತ್ತು. ಒಣಗಿದ್ದಾಗ ಪರೀಕ್ಷೆ ಬರೆಸಿ ಪಾಸು ಮಾಡಿದ ಸಾಮಾನು ಅದು. ನಮ್ಮ ಕಾಲೇಜು ಇರೋದು ಕರಾವಳಿಯಲ್ಲಿ. ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಮೀರಿ ಮಳೆ ಬರುತ್ತೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬಳ್ಳಾರಿಯವನಿಗೆ ಇದು ಗೊತ್ತಿರಲಿಲ್ಲ ಅಂದ್ರೆ ಒಪ್ಪಬಹುದು. ಉಡುಪಿಯವನು ಮಳೆಯಲ್ಲೇ ಹುಟ್ಟಿ ಬೆಳೆದವನು. ಅವನಿಗೂ ಹೊಳೀಲಿಲ್ಲ.

ಆ ಬೆಂಚಿನ ಮೇಲೆ ನಿಜವಾಗಿ ಕೂರ್ತಾ ಇದ್ದವರು ನಾವಲ್ಲ. ವರ್ಕ್‌ಶಾಪ್ ಕಡೆ ಕಸ ಗುಡಿಸೋ ಅಕ್ಕ ಮಧ್ಯಾಹ್ನ ಅಲ್ಲಿ ಊಟಕ್ಕೆ ಕೂರ್ತಿದ್ರು. ಕೊಪ್ಪಳದ ಕಡೆಯವರು, ಕಾಂಟ್ರಾಕ್ಟ್ ಮೇಲೆ ಕೆಲಸ. ಬರೋ ದಿನಕ್ಕೆ ಸಂಬಳ, ಬರದ ದಿನಕ್ಕಿಲ್ಲ. ಅವರ ಟಿಫಿನ್ ಡಬ್ಬಿಯ ರೊಟ್ಟಿ ನಮ್ಮ ಬಳ್ಳಾರಿಯವನಿಗೆ ಆಗಾಗ ಸಿಗ್ತಿತ್ತು. ಹಾಗೆ ಪರಿಚಯ. ಊಟ ಆದ್ಮೇಲೆ ಅವರೇ ಒದ್ದೆ ಬಟ್ಟೆಯಲ್ಲಿ ಬೆಂಚು ಒರೆಸಿ ಹೋಗ್ತಿದ್ರು.

ಜುಲೈ ಮೂರನೇ ವಾರದಲ್ಲಿ ಬಿರುಕು ಕಾಣಿಸಿತು. ಮೊದಲು ಉದ್ದಕ್ಕೆ, ಒಳಗೆ ಬಿದಿರು ಎಲ್ಲೆಲ್ಲಿದೆ ಅಂತ ಪೆನ್ಸಿಲ್‌ನಲ್ಲಿ ಗೆರೆ ಎಳೆದ ಹಾಗೆ. ಆಮೇಲೆ ಅಡ್ಡಕ್ಕೆ ಒಂದು, ಸರಿಯಾಗಿ ನಡುವಿನಲ್ಲಿ, ‘ಅ’ ಅಕ್ಷರವನ್ನ ಎರಡು ಮಾಡಿದ ಹಾಗೆ. ಉಗುರು ಹಾಕಿದ್ರೆ ಒಳಗೆ ಹೋಗ್ತಿತ್ತು. ನಾವು ನಾಲ್ವರೂ ಮಂಡಿಯೂರಿ ನೋಡಿದ್ವಿ. ಅದು ಕೂದಲೆಳೆಯ ಬಿರುಕಲ್ಲ ಅಂತ ನಾಲ್ವರಿಗೂ ಗೊತ್ತಾಯ್ತು. ಅದನ್ನ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಅದೇ ವಾರ ನಮ್ಮ ಬೆಂಚಿನ ಬಗ್ಗೆ ಕಾಲೇಜಿನ ವಾರ್ಷಿಕ ಸಂಚಿಕೆಗೆ ಫೋಟೋ ಬೇಕು ಅಂತ ಕೇಳಿದ್ರು. ವಾಲ್ ಪುಟ್ಟಿ ಒಂದು ಕೆ.ಜಿ. ತಂದು, ಮಳೆ ಬಿಟ್ಟ ಒಂದು ಭಾನುವಾರ ಬಿರುಕಿಗೆಲ್ಲ ತುಂಬಿ, ಕಾಗದ ಉಜ್ಜಿ, ಹಸಿರು ಬಣ್ಣ ಇನ್ನೊಂದು ಕೋಟ್ ಹೊಡೆದ್ವಿ. ‘ಅ’ ಮತ್ತೆ ಬರೆದ್ವಿ. ಫೋಟೋ ಚೆನ್ನಾಗಿ ಬಂತು.

ಆಗಸ್ಟ್ ಎರಡನೇ ವಾರ, ಒಂದು ಮಧ್ಯಾಹ್ನ, ಅಕ್ಕ ಊಟಕ್ಕೆ ಕೂತಾಗ ಬೆಂಚು ನಡುವಿಗೆ ಮುರಿದು ಬಿತ್ತು. ನಾವು ಇಂಟರ್ನಲ್ಸ್ ಬರೀತಿದ್ವಿ. ಹೊರಗೆ ಬಂದಾಗ ನೆಲದ ಮೇಲೆ ಹಸಿರು ತುಂಡುಗಳು, ಅದರ ಮಧ್ಯೆ ಅನ್ನ, ಡಬ್ಬಿಯ ಮುಚ್ಚಳ. ಬೀಳುವಾಗ ಕೈ ಊರಿದ್ದಕ್ಕೆ ಬಲ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದ್ರು. ನಾಲ್ಕು ವಾರ ನೀರು ತಾಗಿಸಬೇಡಿ ಅಂದ್ರು. ಪ್ಲಾಸ್ಟರ್ ಆಫ್ ಪ್ಯಾರಿಸ್ ಅಂದ್ರೆ ಜಿಪ್ಸಮ್, ನೆನೆದರೆ ಮೆತ್ತಗಾಗುತ್ತೆ. ಯಾವ ಸಾಮಾನು ನೀರು ತಡೆಯಲ್ಲ ಅಂತ ಡಾಕ್ಟರ್ ಒಂದೇ ವಾಕ್ಯದಲ್ಲಿ ಹೇಳಿದ್ರು. ನಮ್ಮ ಪೋಸ್ಟರ್‌ನಲ್ಲಿ ಆ ಒಂದು ವಾಕ್ಯ ಇರಲಿಲ್ಲ.

ವರ್ಕ್‌ಶಾಪ್ ನೋಡಿಕೊಳ್ಳೋ ಸರ್ ಕೇಳಿದಾಗ “ಮಳೆಗೆ ಹಾಳಾಗಿರ್ಬೇಕು ಸರ್” ಅಂದ್ವಿ. ಇದೇ ಆ ಅರ್ಧ. ಪುಟ್ಟಿಯ ಮಾತು ಎತ್ತಲಿಲ್ಲ. ಅಕ್ಕನಿಗೆ ನಾಲ್ಕು ವಾರದ ಕೂಲಿ ಹೋಯ್ತು. ನಾವು ಮನೆಯಿಂದ ಬರೋ ದುಡ್ಡಲ್ಲಿ ಕೂಡಿಸಿ ಕೊಟ್ವಿ. ಅವರು ಬೇಡ ಅನ್ನಲಿಲ್ಲ. ಬೇಡ ಅಂದಿದ್ರೆ ನಮಗೆ ಇನ್ನೂ ಕಷ್ಟ ಆಗ್ತಿತ್ತು.

ಮುರಿದ ತುಂಡುಗಳನ್ನ ಕಸಕ್ಕೆ ಹಾಕೋ ಮುಂಚೆ ಒಂದನ್ನ ರೂಮಿಗೆ ತಂದು ಸುತ್ತಿಗೆಯಲ್ಲಿ ಒಡೆದು ನೋಡಿದ್ವಿ. ಅಲ್ಲಿಂದ ನಿಜವಾದ ಓದು ಶುರುವಾಯ್ತು.

ಒಳಗಿನ ಬಿದಿರು ಎಳೆದರೆ ಸಲೀಸಾಗಿ ಹೊರಗೆ ಬಂತು, ಒರೆಯಿಂದ ಕತ್ತಿ ಬಂದ ಹಾಗೆ. ಸುತ್ತಲೂ ಸಣ್ಣ ಸಂದು, ಸಂದಿನಲ್ಲಿ ಕಪ್ಪು ಬೂಷ್ಟು. ಯಾಕೆ ಹೀಗೆ ಅಂದ್ರೆ, ಬಿದಿರನ್ನ ನಾವು ಒಣಗಿದ್ದನ್ನೇ ಹಾಕಿದ್ವಿ. ಹಸಿ ಸಿಮೆಂಟಿನ ನೀರನ್ನ ಅದು ಹೀರಿಕೊಂಡು ಉಬ್ಬಿತು. ಉಬ್ಬಿದ ಬಿದಿರಿನ ಸುತ್ತ ಸಿಮೆಂಟ್ ಗಟ್ಟಿಯಾಯ್ತು. ಬಿಸಿಲಿಗೆ ಬಿದಿರು ಒಣಗಿ ಕುಗ್ಗಿತು, ಸಿಮೆಂಟ್ ಅಲ್ಲೇ ಉಳಿಯಿತು. ನಡುವೆ ಜಾಗ ಆಯ್ತು. ಅಂದ್ರೆ ಮಾರ್ಚ್‌ನಲ್ಲೇ, ಜಡ್ಜ್‌ಗಳು ಕೂತಾಗಲೇ, ಬಿದಿರಿಗೂ ಸಿಮೆಂಟಿಗೂ ಹಿಡಿತ ಕಡಿಮೆಯಾಗಿತ್ತು. ಆಗ ತೂಕ ಹೊತ್ತಿದ್ದು ಬಹುಪಾಲು ಬರೀ ಸಿಮೆಂಟು. ಜೂನ್‌ನಲ್ಲಿ ನೀರು ಒಳಗೆ ಇಳಿದು ಬಿದಿರು ಮತ್ತೆ ಉಬ್ಬಿ, ಈ ಸಲ ಗಟ್ಟಿಯಾದ ಸಿಮೆಂಟನ್ನೇ ಸೀಳಿತು. ಬಿದಿರು ಉದ್ದಕ್ಕೆ ಹೆಚ್ಚೇನೂ ಬೆಳೆಯಲ್ಲ, ದಪ್ಪಕ್ಕೆ ಬೆಳೆಯುತ್ತೆ. ಅದಕ್ಕೇ ಬಿರುಕು ಅದರ ಉದ್ದಕ್ಕೂ ಬಂದಿದ್ದು. ನಡುವಿನ ಅಡ್ಡಬಿರುಕು ಬಂದಿದ್ದು ಅಲ್ಲಿದ್ದ ಅಡ್ಡ ಸೀಳಿನಿಂದ. ಬಲಪಡಿಸೋಕೆ ಅಂತ ಹಾಕಿದ ತುಂಡೇ, ಹಲಗೆ ಅತಿ ಹೆಚ್ಚು ಬಾಗುವ ಜಾಗದಲ್ಲಿ, ಮುರಿಯೋಕೆ ಗೆರೆ ಹಾಕಿಕೊಟ್ಟಿತ್ತು.

ಹೊಟ್ಟಿನ ಕಥೆಯೂ ಅದೇ. ಮರದ ಕೋಶದ ಗೋಡೆಗೆ ನೀರು ಅಂದ್ರೆ ಆಸೆ. ಒಣಗಿದ ತೂಕದ ನೂರಕ್ಕೆ ಸುಮಾರು 30ರಷ್ಟು ನೀರು ಕುಡಿಯೋವರೆಗೂ ಅದು ಉಬ್ಬುತ್ತಲೇ ಹೋಗುತ್ತದೆ. ಜೊತೆಗೆ ಮರದೊಳಗಿನ ಸಕ್ಕರೆಯಂಥ ಅಂಶಗಳು ಸಿಮೆಂಟ್ ಗಟ್ಟಿಯಾಗೋದನ್ನೇ ತಡಮಾಡುತ್ತವೆ. ಮರದ ಚೂರು ಮತ್ತು ಸಿಮೆಂಟ್ ಸೇರಿಸಿ ಹಲಗೆ ಮಾಡೋ ಕಾರ್ಖಾನೆಗಳಿವೆ, ಅದು ನಿಜ. ಅವರು ಮರ ಆರಿಸಿ, ಸಂಸ್ಕರಿಸಿ, ಭಾರೀ ಒತ್ತಡದಲ್ಲಿ ಒತ್ತುತ್ತಾರೆ. ನಾವು ಮೂಟೆಯಿಂದ ಬಕೆಟ್‌ಗೆ ಸುರಿದಿದ್ವಿ, ಅಷ್ಟೇ.

ಇನ್ನೊಂದು ಬೆಂಚು ಮಾಡ್ಬೇಕು ಅಂತ ನಾವು ತೀರ್ಮಾನಿಸಿದ್ದು ಪಶ್ಚಾತ್ತಾಪಕ್ಕಾ, ಹಟಕ್ಕಾ, ಈಗ ಹೇಳೋದು ಕಷ್ಟ. ಈ ಸಲ ಮೊದಲು ಪಟ್ಟಿ ಮಾಡಿದ್ವಿ. ‘ನೀರು ಹೀರದ ಸಾಮಾನು’ ಅಂತ ಮೇಲೆ ಬರೆದು ಗೆರೆ ಎಳೆದ್ವಿ. ಆ ತಲೆಬರಹವೇ ತಪ್ಪು ಅಂತ ತಿಳಿದಿದ್ದು ಮುರಿದ ಬೆಂಚಿನ ಕಂಬಗಳನ್ನ ನೋಡಿದಾಗ. ಮುರಕಲ್ಲು ಸ್ಪಂಜಿನ ಹಾಗೆ ತೂತುತೂತು. ನೀರು ಧಾರಾಳವಾಗಿ ಕುಡಿಯುತ್ತೆ. ಆದರೂ ಆ ಕಂಬಗಳಿಗೆ ಏನೂ ಆಗಿರಲಿಲ್ಲ. ಈ ಊರಲ್ಲಿ ಅದೇ ಕಲ್ಲಿನ ಬಾವಿ, ಕಾಂಪೌಂಡು, ಹಳೇ ಮನೆಗಳು ಎಷ್ಟೋ ಮಳೆಗಾಲ ಕಂಡು ನಿಂತಿವೆ. ನೀರು ಒಳಗೆ ಹೋಗುತ್ತೆ, ಹೊರಗೆ ಬರುತ್ತೆ, ಕಲ್ಲು ಇದ್ದಷ್ಟೇ ಇರುತ್ತೆ. ಅವಲಕ್ಕಿಯನ್ನೂ ಜಲ್ಲಿಕಲ್ಲನ್ನೂ ಒಟ್ಟಿಗೆ ನೆನೆಹಾಕಿದ್ರೆ ಎರಡೂ ಒದ್ದೆಯಾಗುತ್ತವೆ, ಉಬ್ಬೋದು ಒಂದೇ.

ಹಾಗಾಗಿ ತಲೆಬರಹ ಹೊಡೆದುಹಾಕಿ ಎರಡು ಪ್ರಶ್ನೆ ಬರೆದ್ವಿ. ಒಂದು: ನೀರು ತಾಗಿದ್ರೆ ಈ ಸಾಮಾನು ಗಾತ್ರ ಬದಲಿಸುತ್ತಾ, ಕೊಳೆಯುತ್ತಾ, ಕರಗುತ್ತಾ? ಎರಡು: ತಾನು ಬದಲಾಗದಿದ್ರೂ, ಬದಲಾಗೋ ಇನ್ನೊಂದರ ಹತ್ತಿರಕ್ಕೆ ನೀರನ್ನ ಬಿಡುತ್ತಾ?

ನಡುವೆ ನಮ್ಮಲ್ಲೊಬ್ಬ, ಇಷ್ಟೆಲ್ಲ ಯಾಕೆ, ಹೊಟ್ಟನ್ನೇ ಹಾಕಿ ಮೇಲೆ ವಾಟರ್‌ಪ್ರೂಫ್ ರೆಸಿನ್ ಬಳಿಯೋಣ ಅಂದ. ನೀರು ಒಳಗೇ ಹೋಗದಿದ್ರೆ ಮುಗೀತಲ್ಲ. ಇದಕ್ಕೆ ಉತ್ತರ ಸಿಕ್ಕಿದ್ದು ಮಲ್ಪೆ ಹತ್ತಿರ. ಉಡುಪಿಯವನ ಮಾವ ಫೈಬರ್ ದೋಣಿ ರಿಪೇರಿ ಮಾಡ್ತಾರೆ. ಹಿಂಬದಿಯಲ್ಲಿ ಎಂಜಿನ್ ಕೂರಿಸೋ ಹಲಗೆ ಇರುತ್ತಲ್ಲ, ಹಲವು ದೋಣಿಗಳಲ್ಲಿ ಅದರ ಒಳಗೆ ಪ್ಲೈವುಡ್, ಹೊರಗೆ ಗಾಜಿನ ನಾರು ಮತ್ತು ರೆಸಿನ್. ಅವರು ಒಂದು ಹಳೇ ದೋಣಿಯದ್ದನ್ನ ಕತ್ತರಿಸಿ ತೋರಿಸಿದ್ರು. ಹೊರಗಿನ ಫೈಬರ್ ಗಟ್ಟಿ, ಹೊಳಪು ಹಾಗೇ ಇದೆ. ಒಳಗಿನ ಪ್ಲೈವುಡ್ ಟೀಯಲ್ಲಿ ಅದ್ದಿದ ರಸ್ಕ್. ಬೆರಳಲ್ಲಿ ಕೆರೆದು ತೆಗೆಯಬಹುದಿತ್ತು. “ಒಂದು ಸ್ಕ್ರೂ ಸಾಕು” ಅಂದ್ರು ಮಾವ. ಸ್ಕ್ರೂ ಹಾಕಿದ ತೂತಿನಿಂದ ಪಸೆ ಇಳಿಯುತ್ತೆ, ಹೊರಗಿನ ಪದರ ಆ ಪಸೆಯನ್ನ ಮತ್ತೆ ಹೊರಗೆ ಬಿಡಲ್ಲ. ನೀರು ಬರದಂತೆ ತಡೆಯೋ ಕವಚವೇ, ಬಂದ ನೀರು ಹೋಗದಂತೆಯೂ ತಡೆಯುತ್ತೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಹೊರಗಿನಿಂದ ಹೊಳೆಯೋ ಹಸಿರು ಬಣ್ಣ ನಾಲ್ವರಿಗೂ ನೆನಪಾಗ್ತಿತ್ತು.

ಸೆಪ್ಟೆಂಬರ್‌ನಲ್ಲಿ ವರ್ಕ್‌ಶಾಪ್ ಸರ್ ಹತ್ತಿರ ಹೋಗಿ ಪುಟ್ಟಿಯ ವಿಷಯ ಹೇಳಿದ್ವಿ. ಬೈದ್ರು. ಬೈದಾದ ಮೇಲೆ ಕಾಂಕ್ರೀಟ್ ಲ್ಯಾಬಿನ ಕ್ಯೂಬ್ ಅಚ್ಚುಗಳನ್ನ ಬಳಸೋಕೆ ಹೇಳಿಕೊಟ್ಟು, ಈ ಸಲ ಅಳತೆ ಇಲ್ಲದೆ ಏನನ್ನೂ ಮಾಡಬಾರದು ಅಂದ್ರು. ಗಾರೆಯ ಪರೀಕ್ಷೆಗೆ ಬಳಸೋ 70.6 ಮಿ.ಮೀ.ಯ ಕ್ಯೂಬ್‌ಗಳು ಅವು. ಬೇರೆ ಬೇರೆ ಭರ್ತಿ ಸಾಮಾನು ಹಾಕಿ ಎರಕ ಹೊಯ್ದು, ಒಣಗಿಸಿ ತೂಗಿ, 24 ಗಂಟೆ ನೆನೆಹಾಕಿ ಮತ್ತೆ ತೂಗಿ, ವರ್ನಿಯರ್ ಹಿಡಿದು ಅಳೆದ್ವಿ. ಹೊಟ್ಟಿನ ಕ್ಯೂಬ್ ಒಣಗಿದಾಗ 480 ಗ್ರಾಂ ಇದ್ದದ್ದು ನೆನೆದಾಗ 600 ದಾಟಿತು, ವರ್ನಿಯರ್‌ನಲ್ಲಿ ಕಾಣೋಷ್ಟು ದಪ್ಪವೂ ಆಯ್ತು. ಎಂ-ಸ್ಯಾಂಡ್ ಕ್ಯೂಬ್ 770 ಗ್ರಾಂ, ನೆನೆದಾಗ 50 ಗ್ರಾಂನಷ್ಟು ಹೆಚ್ಚಾಯ್ತು. ಗಾತ್ರ ಇದ್ದ ಹಾಗೇ ಇತ್ತು. ಹಾಸ್ಟೆಲ್ ತಾರಸಿಯಲ್ಲಿ ಒಂದು ದಿನ ನೆನೆಸೋದು, ಎರಡು ದಿನ ಒಣಗಿಸೋದು, ಹೀಗೆ ಆರು ಸುತ್ತು ಮಾಡಿದ ಮೇಲೆ ಹೊಟ್ಟಿನ ಕ್ಯೂಬಿನ ಮೂಲೆಯನ್ನ ಉಗುರಲ್ಲೇ ಕೆರೆಯಬಹುದಿತ್ತು.

ಥರ್ಮಾಕೋಲ್ ಮಣಿಗಳನ್ನೂ ನೋಡಿದ್ವಿ. ಅವುಗಳ ಕೋಶ ಮುಚ್ಚಿರೋದರಿಂದ ನೀರು ಹೆಚ್ಚು ಹೀರಲ್ಲ, ಉಬ್ಬೋದೂ ಇಲ್ಲ. ಆದರೆ ಬಲವೂ ಇಲ್ಲ. ಹೂಕುಂಡಕ್ಕೋ ಅಲಂಕಾರದ ಕಲ್ಲಿಗೋ ಪರವಾಗಿಲ್ಲ, ಜನ ಕೂರೋ ಹಲಗೆಗೆ ಬೇಡ. ನರ್ಸರಿಯಲ್ಲಿ ಸಿಗೋ ವರ್ಮಿಕ್ಯುಲೈಟ್ ಹಗುರ ನಿಜ, ಆದರೆ ನರ್ಸರಿಯವರು ಅದನ್ನ ಇಡೋದೇ ಗಿಡದ ಬುಡದಲ್ಲಿ ನೀರು ಹಿಡಿದಿಡೋಕೆ. ಒಂದೊಂದನ್ನೇ ಹೊಡೆದುಹಾಕಿದ ಮೇಲೆ ಉಳಿದಿದ್ದು ಎಂ-ಸ್ಯಾಂಡು ಮತ್ತು 12 ಮಿ.ಮೀ. ಗ್ರಾನೈಟ್ ಜಲ್ಲಿ. ಪ್ರಪಂಚ ಮೊದಲಿನಿಂದಲೂ ಬಳಸ್ತಾ ಬಂದಿದ್ದು. ಹಗುರ ಅನ್ನೋ ಆಸೆ ಅಲ್ಲಿಗೆ ಬಿಟ್ವಿ. ಹೊಳೆ ಅಳಿವೆಯ ಮರಳು ಬಿಟ್ಟಿ ಸಿಗ್ತಿತ್ತು, ಉಪ್ಪಿದೆ ಅಂತ ಮುಟ್ಟಲಿಲ್ಲ.

ಸಿಮೆಂಟಿನ ಜೊತೆಗೆ ಏನು ಪುಡಿ ಸೇರಿಸೋದು ಅನ್ನೋದು ಮುಂದಿನ ಪ್ರಶ್ನೆ. ಎಲ್ಲ ಭರ್ತಿ ಸಾಮಾನೂ ಬರೀ ಜಾಗ ತುಂಬಲ್ಲ, ಕೆಲವು ಸಿಮೆಂಟಿನ ಜೊತೆ ಸೇರಿ ಕೆಲಸ ಮಾಡುತ್ತವೆ ಅಂತ ನಮಗೆ ಗೊತ್ತಾಗಿದ್ದು ಕನ್ನಂಬಾಡಿಯಿಂದ. 1911ರಲ್ಲಿ ಕೆಲಸ ಶುರುವಾದ ಕೃಷ್ಣರಾಜಸಾಗರ ಅಣೆಕಟ್ಟೆಯ ಕಲ್ಲುಗಳ ನಡುವೆ ಇರೋದು ಸುರ್ಕಿ ಗಾರೆ. ಸುಣ್ಣದ ಜೊತೆ ಸುಟ್ಟ ಇಟ್ಟಿಗೆಯ ಪುಡಿ. ಆ ಪುಡಿ ಸುಣ್ಣದ ಜೊತೆ ನಿಧಾನವಾಗಿ ಬೆರೆತು, ನೀರಲ್ಲಿ ಕರಗದ ಗಟ್ಟಿ ವಸ್ತುವಾಗುತ್ತೆ. ವಿಶ್ವೇಶ್ವರಯ್ಯನವರ ಹುಟ್ಟಿದ ದಿನ ಪ್ರತಿ ವರ್ಷ ಭಾಷಣ ಕೇಳಿದ್ದೀವಿ. ಆ ಗೋಡೆಯೊಳಗೆ ಇಟ್ಟಿಗೆ ಪುಡಿ ಇದೆ ಅಂತ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಇವತ್ತು ಅದೇ ಕೆಲಸವನ್ನ ಶಕ್ತಿನಗರದಂಥ ಕಡೆ ಕಲ್ಲಿದ್ದಲು ಉರಿದು ಬರೋ ಹಾರುಬೂದಿ ಮಾಡುತ್ತೆ. ಕಬ್ಬಿಣ ಕರಗಿಸೋ ಊದುಕುಲುಮೆಯ ಕಿಟ್ಟವನ್ನ ನುಣ್ಣಗೆ ಅರೆದ ಸ್ಲ್ಯಾಗ್ ಪುಡಿಯೂ ಮಾಡುತ್ತೆ. ಒಳಗಿನ ರಂಧ್ರಗಳು ಸಣ್ಣದಾಗುತ್ತವೆ, ನೀರೂ ಕಡಲ ಗಾಳಿಯ ಉಪ್ಪೂ ಒಳಗೆ ಇಳಿಯೋದು ನಿಧಾನವಾಗುತ್ತೆ. ಸಿಮೆಂಟಿನ ಅರ್ಧದಷ್ಟನ್ನ ಸ್ಲ್ಯಾಗ್ ಪುಡಿಯಿಂದ ಬದಲಿಸಿದ್ವಿ. “ಇದು ನಮ್ಮೂರಿಂದು” ಅಂತ ಬಳ್ಳಾರಿಯವನು ಚೀಲ ಬಿಚ್ಚುವಾಗ ಹತ್ತು ಸಲ ಹೇಳಿದ.

ಅತಿ ಹೆಚ್ಚು ಜಗಳ ಆಗಿದ್ದು ಒಳಗೆ ಏನು ಹಾಕೋದು ಅನ್ನೋದಕ್ಕೆ. ಕಬ್ಬಿಣದ ಕಂಬಿ ವರ್ಕ್‌ಶಾಪಲ್ಲಿ ಬಿಟ್ಟಿ ಇತ್ತು. ಆದರೆ ತುಕ್ಕು ಹಿಡಿದ ಕಬ್ಬಿಣ ಮೊದಲಿದ್ದ ಜಾಗದ ಎರಡರಿಂದ ಆರು ಪಟ್ಟು ಜಾಗ ಕೇಳುತ್ತೆ. ಬಿದಿರು ಉಬ್ಬಿ ಸೀಳಿದ ಹಾಗೇ ಅದೂ ಸೀಳುತ್ತೆ, ವರ್ಷಗಳು ತಡವಾಗಿ. ಕರಾವಳಿಯ ಪರಿಸರಕ್ಕೆ ಕಂಬಿಯ ಮೇಲೆ 45 ಮಿ.ಮೀ. ಕಾಂಕ್ರೀಟ್ ಹೊದಿಕೆ ಇರಬೇಕು ಅನ್ನುತ್ತೆ ಐ.ಎಸ್. 456. ನಮ್ಮ ಹಸಿರು ಬೆಂಚಿನ ಪೂರ್ತಿ ದಪ್ಪವೇ 60 ಮಿ.ಮೀ. ಇತ್ತು.

ತೆಂಗಿನ ನಾರು ಹಾಕೋಣ ಅಂದ ಉಡುಪಿಯವನು. ಹಿನ್ನೀರಲ್ಲಿ ತಿಂಗಳುಗಟ್ಟಲೆ ನೆನೆಹಾಕಿದ್ರೂ ಅದು ಕೊಳೆಯಲ್ಲ, ನಿಜ. ಆದರೆ ಸಿಮೆಂಟಿನೊಳಗಿನ ಶತ್ರು ಬರೀ ನೀರಲ್ಲ, ಕ್ಷಾರ. ಅಲ್ಲಿನ ಪಿಎಚ್ 12.5ರ ಮೇಲೆ. ಒದ್ದೆ ಇದ್ದಾಗಲೆಲ್ಲ ಆ ಕ್ಷಾರ ನಾರನ್ನ ತಿನ್ನುತ್ತೆ, ನಾರು ಮೆಲ್ಲಗೆ ಪೆಳಸಾಗುತ್ತೆ. ದೋಣಿಗೆ ಹಾಕೋ ಸಾಮಾನ್ಯ ಗಾಜಿನ ನಾರಿಗೂ ಅದೇ ಗತಿ. ರೆಸಿನ್ ಒಳಗೆ ರಾಜ, ಬರೀ ಸಿಮೆಂಟಿನೊಳಗೆ ಕರಗುತ್ತಾ ಹೋಗುತ್ತೆ. ಇದಕ್ಕೆ ಪರಿಹಾರ ಕಂಡದ್ದು 1960ರ ದಶಕದ ಕೊನೆಗೆ, ಬ್ರಿಟನ್ನಿನ ಬಿಲ್ಡಿಂಗ್ ರಿಸರ್ಚ್ ಸ್ಟೇಷನ್‌ನಲ್ಲಿದ್ದ ಎ.ಜೆ. ಮಜುಂದಾರ್ ಅವರ ಕೆಲಸದಿಂದ: ಗಾಜಿಗೇ ಜಿರ್ಕೋನಿಯಾ ಸೇರಿಸಿ ಕ್ಷಾರ ತಡೆಯೋ ನಾರು ಮಾಡಿದ್ದು. ಈಗ ಮಾರೋ ಅಂಥ ನಾರಿನಲ್ಲಿ ನೂರಕ್ಕೆ 16 ಅಥವಾ ಹೆಚ್ಚು ಜಿರ್ಕೋನಿಯಾ ಇರುತ್ತೆ. ಒಂದೇ ‘ಗ್ಲಾಸ್ ಫೈಬರ್’ ಅನ್ನೋ ಹೆಸರಲ್ಲಿ ಎರಡು ಬೇರೆ ಸಾಮಾನು. ಅಂಗಡಿಯಲ್ಲಿ ಕೇಳುವಾಗ ಯಾವುದು ಅಂತ ಕೇಳದಿದ್ರೆ ಅವರು ದೋಣಿಯದ್ದೇ ಕೊಡ್ತಾರೆ. ನಮಗೂ ಮೊದಲು ಅದನ್ನೇ ಕೊಟ್ಟಿದ್ರು.

ಕೊನೆಗೆ ಹಲಗೆ 75 ಮಿ.ಮೀ. ದಪ್ಪ ಮಾಡಿ, ಒಳಗೆ ರೆಸಿನ್‌ನಲ್ಲಿ ಮುಚ್ಚಿದ ಗಾಜುನಾರಿನ 8 ಮಿ.ಮೀ. ಸರಳುಗಳನ್ನ ಹಾಕಿದ್ವಿ. ತುಕ್ಕಿನ ಭಯ ಇಲ್ಲ. ಜೊತೆಗೆ ಕ್ಷಾರ ತಡೆಯೋ ಗಾಜಿನ ಚೂರುನಾರು ಸ್ವಲ್ಪ. ಆದರೆ ಈ ಸರಳಿಗೂ ಒಂದು ಗುಣ ಇದೆ: ಕಬ್ಬಿಣದ ಹಾಗೆ ಬಾಗಿ ಎಚ್ಚರಿಕೆ ಕೊಡಲ್ಲ, ಒಮ್ಮೆಗೇ ಮುರಿಯುತ್ತೆ. ಅದಕ್ಕೇ ಮೂವರು ನಡುವಲ್ಲೇ ಕೂತರೂ ಬರೀ ಕಾಂಕ್ರೀಟೇ ಹೊರಬೇಕು, ಸರಳು ಇರೋದು ಬಿರುಕು ಬಿಟ್ಟರೆ ತುಂಡುಗಳನ್ನ ಹಿಡಿದಿಡೋಕೆ, ಅಂತ ಲೆಕ್ಕ ಹಾಕಿದ್ವಿ. ಸರ್ ಆ ಲೆಕ್ಕವನ್ನ ಎರಡು ಸಲ ವಾಪಸ್ ಕಳಿಸಿ ಮೂರನೇ ಸಲ ಸಹಿ ಹಾಕಿದ್ರು.

ಅಕ್ಟೋಬರ್ ಮೊದಲ ವಾರ ಎರಕ ಹೊಯ್ದ್ವಿ. ನೀರಿನ ಅಳತೆ ಮಾತ್ರ ಬಿಗಿ. ಐ.ಎಸ್. 456 ಹೇಳಿದ ಹಾಗೆ, ಸಿಮೆಂಟು ಮತ್ತು ಸ್ಲ್ಯಾಗ್ ಒಟ್ಟು ತೂಕದ 0.45 ಪಟ್ಟು ಮೀರಬಾರದು. ಕಲಸೋಕೆ ಕಷ್ಟ ಅಂತ ಒಂದು ಮಗ್ ನೀರು ಹೆಚ್ಚು ಹಾಕಿದ್ರೆ, ಆ ನೀರು ಆರಿದ ಜಾಗವೇ ಮುಂದೆ ಮಳೆ ಇಳಿಯೋ ದಾರಿ. ಆಮೇಲೆ 14 ದಿನ ಒದ್ದೆ ಗೋಣಿಚೀಲ ಹೊದಿಸಿ ದಿನಕ್ಕೆ ಮೂರು ಸಲ ನೀರು ಹಾಕಿದ್ವಿ. ನೀರನ್ನ ತಾಳೋ ವಸ್ತು ಮಾಡೋಕೂ ಮೊದಲು ಅದಕ್ಕೆ ಹೊಟ್ಟೆ ತುಂಬ ನೀರು ಕುಡಿಸಬೇಕು ಅನ್ನೋದು ಕಂಪ್ಯೂಟರ್ ಸೈನ್ಸ್‌ನವನಿಗೆ ಇನ್ನೂ ಜೀರ್ಣ ಆಗಿಲ್ಲ. ಮೇಲ್ಮೈಗೆ 8 ಮಿ.ಮೀ. ಇಳಿಜಾರು ಕೊಟ್ವಿ, ನೀರು ನಿಲ್ಲದ ಹಾಗೆ. ಕೆಳಗಿನ ಅಂಚಿನಲ್ಲಿ ಸಣ್ಣ ತೋಡು, ಹನಿ ಅಲ್ಲೇ ಉದುರಿಹೋಗೋ ಹಾಗೆ.

ಇಷ್ಟರಲ್ಲಿ ಅಕ್ಕ ಕೆಲಸಕ್ಕೆ ವಾಪಸ್ ಬಂದಿದ್ರು. ಗೋಣಿಚೀಲಕ್ಕೆ ನೀರು ಹಾಕೋವಾಗ ಒಂದು ದಿನ ಪಕ್ಕದಲ್ಲಿ ಬಂದು ನಿಂತ್ರು. ಹೇಳ್ಬೇಕು ಅಂತ ಎಷ್ಟೋ ದಿನದಿಂದ ಅಂದುಕೊಂಡಿದ್ದನ್ನ ಅವತ್ತು ಹೇಳಿಬಿಟ್ವಿ. ಬೆಂಚು ಬಿರುಕು ಬಿಟ್ಟಿದ್ದು ನಮಗೆ ಮೊದಲೇ ಗೊತ್ತಿತ್ತು ಅಕ್ಕ, ಪುಟ್ಟಿ ಹಾಕಿ ಮುಚ್ಚಿದ್ವಿ.

ಅವರು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಅಂದ್ರು: “ಬಿರುಕು ನಾನೂ ನೋಡಿದ್ನಿ. ಒರಸೂ ಮುಂದ ಕೈಗೆ ಹತ್ತತಿತ್ತು. ಒಂದ್ ವಾರ ಅದರ ಮ್ಯಾಲ ಕುಂದ್ರಲಿಲ್ಲ, ಕೆಳಗ ಕುಂತು ಉಂಡೆ. ಆಮ್ಯಾಲ ನೀವು ಬಣ್ಣಾ ಹಚ್ಚಿದ್ರಲ್ಲ, ಹುಡುಗ್ರು ರಿಪೇರಿ ಮಾಡ್ಯಾರ ಅಂತ ತಿಳ್ಕೊಂಡು ಮತ್ತ ಕುಂತೆ.”

ಇದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಬಿದಿರು, ಹೊಟ್ಟು ತಿಳಿಯದೆ ಮಾಡಿದ ತಪ್ಪು. ಓದಿದ್ರೆ ಸರಿಹೋಗುತ್ತೆ. ಬೆಂಚು ತನ್ನ ಕಾಯಿಲೆಯನ್ನ ತಾನೇ ತೋರಿಸಿತ್ತು. ಅಕ್ಕ ಅದನ್ನ ಓದಿ ದೂರ ಇದ್ರು. ಅವರನ್ನ ಮತ್ತೆ ಅಲ್ಲಿ ಕೂರಿಸಿದ್ದು ಒಂದು ಕೆ.ಜಿ. ಪುಟ್ಟಿ.

ಹೊಸ ಬೆಂಚಿಗೆ ಬಣ್ಣ ಯಾಕಿಲ್ಲ ಅಂತ ಕೇಳೋರಿಗೆ ಇದೇ ಕಾರಣ. ರಾಜ್ಯೋತ್ಸವದ ಹಿಂದಿನ ದಿನ ಕೂರಿಸಿದ್ವಿ. ಲೆಕ್ಕದ ಪ್ರಕಾರ ತೂಕ ಸುಮಾರು 86 ಕೆ.ಜಿ. ಎತ್ತೋಕೆ ಆರು ಜನ, ಅದರಲ್ಲಿ ಇಬ್ಬರು ಫೋಟೋಗೆ ನಿಂತವರು. ಕಂಬಗಳು ಅವೇ ಹಳೇ ಮುರಕಲ್ಲಿನವು. ಕನ್ನಡ ಸಂಘದವರು ‘ಅ’ ಬರೀರಿ ಅಂತ ಒತ್ತಾಯ ಮಾಡಿದ್ರು. ಬೇಡ ಅಂದ್ವಿ. ಬಿರುಕು ಬಂದ್ರೆ ಯಾರ ಕಣ್ಣಿಗಾದ್ರೂ ಕಾಣ್ಲಿ.

ಈ ಬೆಂಚು ಗೆದ್ದಿದೆ ಅಂತ ಹೇಳೋಕೆ ಇನ್ನೂ ಆಗಲ್ಲ. ಒಂದು ಪೂರ್ತಿ ಮಳೆಗಾಲ ಅದು ಕಂಡಿಲ್ಲ. ಜೂನ್‌ನಿಂದ ಪ್ರತಿ ಭಾನುವಾರ ಒಬ್ಬರು ಹೋಗಿ ಕೆಳಗೆ ಬಗ್ಗಿ ನೋಡಿ ನೋಟ್‌ಬುಕ್ಕಲ್ಲಿ ಬರೀಬೇಕು ಅಂತ ಮಾಡ್ಕೊಂಡಿದ್ದೀವಿ. ನೋಟ್‌ಬುಕ್ ವರ್ಕ್‌ಶಾಪ್ ಸರ್ ಹತ್ತಿರ ಇರುತ್ತೆ, ನಮ್ಮ ಹತ್ತಿರ ಅಲ್ಲ.

ಅಕ್ಕ ಮೊದಲ ಹತ್ತು ದಿನ ಅದರ ಮೇಲೆ ಬಕೆಟ್ ಮಾತ್ರ ಇಡ್ತಿದ್ರು. ತಾವು ಕೆಳಗೆ ಕಟ್ಟೆಯ ಮೇಲೆ ಕೂತು ಉಣ್ತಿದ್ರು. ಹೋದ ವಾರ ಒಂದು ಮಧ್ಯಾಹ್ನ ನಾವು ಲ್ಯಾಬಿನಿಂದ ಬರುವಾಗ ಬೆಂಚಿನ ತುದಿಯಲ್ಲಿ, ಸರಿಯಾಗಿ ಕಂಬದ ಮೇಲೆ ಬರೋ ಜಾಗದಲ್ಲಿ, ಕೂತಿದ್ರು. ನಡುವಲ್ಲಿ ಇನ್ನೂ ಕೂತಿಲ್ಲ.